ಲಾರಿ ದಾಟಿಸುವ ಕಾರು
ಪುಣೆಯ ಕೊಂಢವಾದಲ್ಲಿ ಬಣ್ಣದ ಅಂಗಡಿ ಇಟ್ಟ ನಮ್ಮ ಅಡಿವೆಪ್ಪನವರು ಭಾನುವಾರ ಬಂದರೆ ಸಾಕು, ಹಣೆತುಂಬ ವಿಭೂತಿ ಹಚ್ಚಿಕೊಂಡು ಕಾರಿನ ಶೋರೂಮಿಗೆ ಹೊರಡುತ್ತಾರೆ. ಪುಣೆಗೆ ಹೊಸ ಕಾರುಗಳು ಸಾಲುಗಟ್ಟಿ ಬರತೊಡಗಿದಾಗಿನಿಂದ ಅವರು ಕೂತು ನೋಡದ, ಜೋರಾಗಿ ಓಡುವ ಸಣ್ಣ ಕಾರಿಲ್ಲ, ಕುಡಿಯದ ಶೋರೂಮಿನ ಚಹಾ ಇಲ್ಲ. ಬಣ್ಣ, ಮೈಲೇಜು ಯಾವುದನ್ನೂ ಕೇಳುವವರಲ್ಲ. “ಕಾತ್ರಜ ಘಾಟ ಹತ್ತಸ್ರಿ, ಲಾರಿ ದಾಟಸ್ರಿ, ಆಮ್ಯಾಲ ರೊಕ್ಕದ ಮಾತು” ಎಂದು ಸೇಲ್ಸ್‌ಮನ್ನನ ಕೈಲೇ ಓಡಿಸುತ್ತಾರೆ. “ಈ ವಯಸ್ಸಿನ್ಯಾಗ ಇಷ್ಟ ಜೋರ ಗಾಡಿ ಯಾಕ್ರಿ ಕಾಕಾ?” ಎಂದು ನಾನೊಮ್ಮೆ ಕಾಡಿದೆ. “ನನಗೆಲ್ಲಿ ಬರ್ತದೋ ಓಡ್ಸಾಕ! ನಿಮ್ಮ ಕಾಕು ಲೈಸನ್ಸ್ ತಗೊಂಡಾಳ. ಘಾಟಿನ್ಯಾಗ ಲಾರಿ ಹಿಂದ ಸಿಕ್ಕರ ಅಂಜತಾಳ. ಆ ಅಂಜಿಕಿ ಬಿಡಸೋ ಗಾಡಿಗಷ್ಟ ರೊಕ್ಕ ಕೊಡಾಂವ ನಾ.” ಮೊನ್ನೆ ಭಾನುವಾರ ಅವರ ಹೆಂಡತಿ ನೀಲವ್ವ ಕಾಕುವೇ ಶೋರೂಮಿನ ಕಾರಿನ ಸ್ಟೀರಿಂಗ್ ಹಿಡಿದರು. ಏರಿನಲ್ಲಿ ಲಾರಿ ಕಂಡದ್ದೇ ಅಡಿವೆಪ್ಪನವರು ಕಣ್ಣು ಮುಚ್ಚಿದರು. “ಕಣ್ಣ ತಗೀರಿ, ಲಾರಿ ದಾಟಿತು. ಇದನ್ನ ತಗೊಳ್ಳೋಣು” ಎಂದರು ಕಾಕು, “ಮುಂದಿನ ಲಾರಿನೂ ದಾಟಸ್ಲೇನು?”