ದಾನಮ್ಮ ಕೋಟೆ ಹತ್ತಿದ್ದು

ಬಿಟಿಎಂ ಲೇಔಟಿನ ದಾನಮ್ಮನ ಖಾನಾವಳಿಯಲ್ಲಿ ಉಣ್ಣುವವರಿಗೆ ಜೋಳದ ರೊಟ್ಟಿ, ಎಣಗಾಯಿ ಪಲ್ಯದ ಜೊತೆಗೆ ಎರಡು ಕೋಟೆಗಳೂ ಸಿಗುತ್ತಿದ್ದವು. ಗಜೇಂದ್ರಗಡದ ಆಚೆಯ ಜೋಡಗುಡ್ಡ ಅವಳ ತವರು. ಕೈಬೆರಳೆಣಿಕೆಯ ಮನೆಗಳ ಊರು. ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ, ಎರಡರ ನೆತ್ತಿಯ ಮೇಲೂ ಕೋಟೆ. ಯಾವ ಕಾಲದಲ್ಲೋ ಅಣ್ಣ ತಮ್ಮ ಇಬ್ಬರು ನಾಯಕರು ಮುನಿಸಿಕೊಂಡು ಎದುರುಬದುರು ಕಟ್ಟಿಸಿದ್ದಂತೆ. ಮಾತು ಬಿಟ್ಟಿದ್ದರೂ ಹಬ್ಬದ ಸಂಜೆ ಇಬ್ಬರೂ ಬುರುಜಿಗೆ ಬಂದು, ಅವನು ಇದ್ದಾನೋ ಇಲ್ಲವೋ ಎಂದು ಕಳ್ಳನೋಟ ಹಾಯಿಸುತ್ತಿದ್ದರಂತೆ. ರೊಟ್ಟಿ ಬಡಿಯುತ್ತ ದಾನಮ್ಮ ಇದನ್ನು ಹೇಳತೊಡಗಿದರೆ ಕೇಳುವವರ ತಾಟಿನಲ್ಲಿ ಅನ್ನ ಆರುತ್ತಿತ್ತು.

ಖಾನಾವಳಿಯ ಕಟ್ಟಡ ಜಯನಗರದ ಕಾತ್ಯಾಯಿನಿಯವರದು. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರು. ೨೦೦೨ರ ದಸರೆಗೆ ದಾನಮ್ಮ ಊರಿಗೆ ಹೊರಟಾಗ ಅವರೂ ಬ್ಯಾಗು ಹಿಡಿದರು.

“ನಾನೂ ಬರ್ತೀನಿ ದಾನಮ್ಮ. ನಿಮ್ಮ ಕೋಟೆ ನೀವೇ ತೋರಿಸ್ಬೇಕು.”

“ಬರ್ರಿ ಅಕ್ಕಾರ. ನಾ ತೋರಿಸಲಿಲ್ಲಂದ್ರ ಮತ್ಯಾರು ತೋರಿಸ್ತಾರ್ರಿ.”

ಅಂದದ್ದೇನೋ ಅಂದುಬಿಟ್ಟಳು. ದಾನಮ್ಮ ಒಂದು ದಿನವೂ ಗುಡ್ಡ ಹತ್ತಿದವಳಲ್ಲ. ಅದು ಆಡು ಕಾಯುವ ಗಂಡುಹುಡುಗರ ಜಾಗ. ಹೆಣ್ಣುಮಕ್ಕಳಿಗೆ ಹಳ್ಳದ ನೀರು, ಹೊಲದ ಕಳೆ, ಆಮೇಲೆ ಮದುವೆ. ಕಥೆಗಳೆಲ್ಲ ಅವ್ವ ಶಿವವ್ವ ಹೇಳಿದವು.

ಊರು ತಲುಪಿದ ಮರುದಿನ ಬೆಳಿಗ್ಗೆ ಅವ್ವನಿಗೂ ಹೇಳದೆ ಸೆರಗು ಬಿಗಿದು ಅವಳೇ ಮುಂದಾದಳು. ಅರ್ಧ ಗುಡ್ಡಕ್ಕೆ ದಾರಿ ಕವಲೊಡೆಯಿತು. ಧೈರ್ಯವಾಗಿ ಬಲಕ್ಕೆ ತಿರುಗಿದಳು. ದಾರಿ ಪಾಪಾಸುಕಳ್ಳಿಯ ಮೆಳೆಯೊಳಗೆ ನುಗ್ಗಿ ನಿಂತುಬಿಟ್ಟಿತು.

“ದಾರಿ ಇದೇನಾ?” ಎಂದರು ಕಾತ್ಯಾಯಿನಿ.

ದಾನಮ್ಮ ಬಂಡೆಯ ಮೇಲೆ ಕುಳಿತಳು. “ಗೊತ್ತಿಲ್ರಿ ಅಕ್ಕಾರ. ನಾನೂ ಇವತ್ತ ಮೊದಲನೇ ಸಲ ಹತ್ತಾಕತ್ತೀನಿ.”

ಕಾತ್ಯಾಯಿನಿ ಪಕ್ಕದಲ್ಲೇ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಜೀವಮಾನ ಪೂರ್ತಿ ಕೋಟೆಗಳ ಪಾಠ ಮಾಡಿದೀನಿ ಕಣ್ರೀ. ಚಿತ್ರದುರ್ಗಕ್ಕೂ ಹೋಗಿಲ್ಲ. ಏಳಿ, ಎಡಗಡೆ ನೋಡೋಣ.”

ಎಡಗಡೆಯ ದಾರಿ ಸೀದಾ ಹೆಬ್ಬಾಗಿಲಿಗೆ ಕರೆದೊಯ್ದಿತು. ಬುರುಜಿನ ಮೇಲೆ ಗಾಳಿಗೆ ನಿಲ್ಲುವುದೇ ಕಷ್ಟವಾಯಿತು. ಕೆಳಗೆ ಜೋಡಗುಡ್ಡ ಅಂಗೈಯಷ್ಟಾಗಿತ್ತು. ಅಂಗಳವೊಂದರಲ್ಲಿ ಮೆಣಸಿನಕಾಯಿ ಕೆಂಪಗೆ ಹರಡಿತ್ತು. ಪಕ್ಕದಲ್ಲಿ ಚುಕ್ಕೆಯಂತೆ ಶಿವವ್ವ.

“ಯವ್ವಾ,” ಎಂದು ದಾನಮ್ಮ ಗಂಟಲೆತ್ತಿ ಕರೆದಳು.

ಚುಕ್ಕೆ ಎದ್ದು ನಿಂತಿತು. ಬಾಗಿಲ ಕಡೆ ನೋಡಿತು, ಹಿತ್ತಲಿಗೆ ಹೋಗಿ ಬಂತು, ಬೀದಿಗಿಳಿದು ಅತ್ತಿತ್ತ ಕಣ್ಣಾಡಿಸಿತು. ಮೇಲೆ ಮಾತ್ರ ನೋಡಲಿಲ್ಲ. ಮಗಳು ಅಲ್ಲಿರಬಹುದೆಂದು ಆ ಊರಿನಲ್ಲಿ ಯಾರಿಗೆ ತಾನೇ ಹೊಳೆದೀತು?

ಮರುದಿನ ಕಾತ್ಯಾಯಿನಿಯವರ ಮೊಣಕಾಲು ಮುಷ್ಕರ ಹೂಡಿತು. ದಾನಮ್ಮ ರೊಟ್ಟಿ ಬುತ್ತಿ ಕಟ್ಟಿಕೊಂಡು, ಎದುರಿನ ಗುಡ್ಡಕ್ಕೆ ಒಬ್ಬಳೇ ಹೊರಟಳು.