ಜಟ್ಟೆಪ್ಪನ ಗಾಲಿಗೂಡು

ಯಾದಗಿರಿ ಕಡೆಯಿಂದ ಪುಣೆಗೆ ಬಂದ ಜಟ್ಟೆಪ್ಪ ಮೂವತ್ತು ವರ್ಷ ಕಬ್ಬಿಣದ ಸಳಿ ಬಗ್ಗಿಸಿ ತಂತಿ ಕಟ್ಟುವ ಕೆಲಸ ಮಾಡಿದ. ಅಲ್ಲಿನ ಮಗರಪಟ್ಟಾ ಬಡಾವಣೆಯಲ್ಲಿ ಅವನು ಹತ್ತದ ಕಟ್ಟಡ ಕಡಿಮೆ. ಮೊಣಕಾಲು ಸೋತ ಮೇಲೆ ಸಾಸವಡ ರಸ್ತೆಯ ಒಂದು ಖಾಲಿ ಪ್ಲಾಟಿಗೆ ಕಾವಲುಗಾರನಾದ. ಜೊತೆಗೆ ಹೆಂಡತಿ ಚಂದಮ್ಮ, ಅವಳ ಎಂಟು ಜವಾರಿ ಕೋಳಿ.

ಮುಂಗುಸಿ ಎರಡನ್ನು ಹೊತ್ತೊಯ್ದಾಗ ಚಂದಮ್ಮ ಗೂಡು ಬೇಕೇ ಬೇಕೆಂದು ಹಟ ಹಿಡಿದಳು. ಜಟ್ಟೆಪ್ಪ ಪ್ಲಾಟಿನ ಮಾಲೀಕ ಸುಹಾಸರಿಗೆ ಫೋನ್ ಹಚ್ಚಿದ. "ಕೋಳಿ ಇರಲಿ ಕಾಕಾ, ಆದರೆ ಒಂದೇ ಜಾಗದಲ್ಲಿ ಶೆಡ್ ಹಾಕಬೇಡಿ, ವಾಸನೆಯಾಗುತ್ತೆ," ಎಂದು ಅವರು ಮರಾಠಿಯಲ್ಲಿ ಹೇಳಿದರು.

"ಹಂಗಾರ ಗಾಲಿ ಮ್ಯಾಲ ಗೂಡು ಕಟ್ತೀನಿ ತಗೋ," ಎಂದ ಜಟ್ಟೆಪ್ಪ ಹೆಂಡತಿಗೆ.

ಹತ್ತಿರ ಏಳುತ್ತಿದ್ದ ಮನೆಯಿಂದ ಉಳಿದ ಸಳಿ ತುಂಡು, ಬಿಸಾಡಿದ ಸೆಂಟ್ರಿಂಗ್ ಹಲಗೆ, ಹಳೆಯ ಕಿಟಕಿಯ ಜಾಳಿಗೆ ಕೇಳಿ ತಂದ. ಕೈಗೆ ರೂಢಿಯಾದ ಹಾಗೇ ಕಟ್ಟಿದ: ಗೇಣಿಗೊಂದು ಸಳಿ, ಸಳಿ ಕೂಡುವಲ್ಲೆಲ್ಲ ಬಿಗಿ ತಂತಿ. ಕೆಳಗೆ ಮುರಿದ ಆಫೀಸು ಕುರ್ಚಿಯ ಗಾಲಿಗಳು. ನಾಲ್ಕು ದಿನಕ್ಕೆ ಗೂಡು ಮುಗಿಯಿತು.

ಮರುದಿನ ಇಬ್ಬರೂ ಸೇರಿ ತಳ್ಳಿದರು. ಗೂಡು ಕದಲಲಿಲ್ಲ. ಪುಟ್ಟ ಗಾಲಿಗಳು ಮಣ್ಣಲ್ಲಿ ಹೂತವು, ಅಷ್ಟೇ. ಚಂದಮ್ಮ ಸೆರಗು ಬಾಯಿಗೊತ್ತಿ ನಕ್ಕಳು.

"ಕೋಳಿಗೂಡು ಮಾಡ್ರಿ ಅಂದ್ರ ಬ್ರಿಜ್ ಕಟ್ಟೀರಲ್ರೀ! ಇದರ ಮ್ಯಾಲ ಲಾರಿ ಹೋಗ್ತಾವ."

ಜಟ್ಟೆಪ್ಪನಿಗೆ ಸಿಟ್ಟು ಬಂತು. ಊಟ ಬಿಟ್ಟು ಬೇವಿನ ಮರದ ಕೆಳಗೆ ಹೋಗಿ ಕೂತ. ಚಂದಮ್ಮ ರೊಟ್ಟಿ, ಪುಂಡಿಪಲ್ಯ ಅಲ್ಲಿಗೇ ತಂದಿಟ್ಟಳು.

"ಕಟ್ಟಿದ್ದು ಭಾಳ ಚಂದ ಅದರಿ. ಆದ್ರ ಇದರೊಳಗ ಇರೋರು ಆರು ಕೋಳಿ."

ಅವನು ಉಂಡ. ಕೈ ತೊಳೆದವನೇ ಇಕ್ಕಳ ಹಿಡಿದು ತಂತಿ ಬಿಚ್ಚತೊಡಗಿದ. ಅರ್ಧಕ್ಕಿಂತ ಹೆಚ್ಚು ಸಳಿ ಹೊರಬಂದವು. ಹಲಗೆಯ ಬದಲು ಚಾವಣಿಗೆ ಹರಿದ ಫ್ಲೆಕ್ಸ್ ಬ್ಯಾನರ್ ಹೊದಿಸಿದ. ಪಂಕ್ಚರ್ ಅಂಗಡಿಯವನ ಹತ್ತಿರ ಎರಡು ಹಳೆಯ ಸೈಕಲ್ ಗಾಲಿ ಸಿಕ್ಕವು. ಅವನ್ನು ಒಂದು ಕಡೆಗೆ ಜೋಡಿಸಿ, ಇನ್ನೊಂದು ಕಡೆಗೆ ಕೈಬಂಡಿಯ ಹಾಗೆ ಎರಡು ಹಿಡಿ ಬಿಟ್ಟ. ಕೋಳಿಗಳು ಹುಲ್ಲು ಕೆದಕಲೆಂದು ತಳ ತೆರೆದೇ ಇತ್ತು. ಮುಂಗುಸಿ ತೋಡಿ ನುಗ್ಗದಂತೆ ಸುತ್ತಲೂ ಒಂದು ಗೇಣು ಜಾಳಿಗೆಯನ್ನು ಗೂಡಿನ ಅಂಚಿಗೇ ಕಟ್ಟಿ ನೆಲದ ಮೇಲೆ ಹರಡಿದ.

"ಈಗ ಎಳಿ ನೋಡೂಣು," ಎಂದ, ಸ್ವಲ್ಪ ದೂರ ನಿಂತು.

ಚಂದಮ್ಮ ಹಿಡಿ ಎತ್ತಿ ಎಳೆದಳು. ಗೂಡು ಕಿರ್ರೆಂದು ಹೊರಟಿತು. ಒಳಗಿನ ಕೋಳಿಗಳು ಗಾಬರಿಯಿಂದ ಕೂಗುತ್ತ ಅದರ ಜೊತೆಗೇ ನಡೆದವು.

"ಏ, ಬಂತು! ಬಂತು!" ಎಂದು ಜಟ್ಟೆಪ್ಪ ಕುಂಟುತ್ತಲೇ ಹಿಂದೆ ಓಡಿದ.

ಅಂದಿನಿಂದ ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಗೂಡು ಹತ್ತು ಹೆಜ್ಜೆ ಮುಂದೆ ಹೋಗುತ್ತದೆ. ದಾಟಿ ಬಂದ ಜಾಗದಲ್ಲಿ ಹುಲ್ಲು ದಟ್ಟವಾಗಿ ಚಿಗುರುತ್ತದೆ. ದೀಪಾವಳಿಯ ಹೊತ್ತಿಗೆ ಒಂದು ಕೋಳಿ ಹನ್ನೊಂದು ಮರಿ ಮಾಡಿತು. ಈಗ ಚಂದಮ್ಮ ಮುಂದೆ ಗೂಡು ಎಳೆಯುತ್ತಾಳೆ. ಮರಿಗಳು ಗಾಲಿಗೆ ಸಿಕ್ಕಾವೆಂದು ಜಟ್ಟೆಪ್ಪ ಅವನ್ನೆಲ್ಲ ಬುಟ್ಟಿಯಲ್ಲಿಟ್ಟುಕೊಂಡು, ಎಣಿಸುತ್ತ, ನಿಧಾನವಾಗಿ ಅವಳ ಹಿಂದೆ ಬರುತ್ತಾನೆ.