ಬೀಜದಜ್ಜನ ದಾರಿ ಕಾಯುವ ಕಿನು ಅಕ್ಕ

ನಮ್ಮೂರ ಗುಡಿಯ ಮುನ್ನೂರು ಮೆಟ್ಟಿಲನ್ನು ಒಂದೇ ಉಸಿರಿನಲ್ಲಿ ಹತ್ತಿ ನಾನೊಮ್ಮೆ ಸೀನಿದರೆ ಟೋಕಿಯೋದಲ್ಲಿ ಜನ ಛತ್ರಿ ಬಿಚ್ಚುತ್ತಾರೆ. ಅಂಥ ನನಗಿಂತಲೂ ಮೊದಲೇ, ಬೆಳಗಿನ ಐದಕ್ಕೆ, ಎಪ್ಪತ್ತೊಂಬತ್ತರ ಕಿನು ಅಕ್ಕ ಮೇಲೆ ನಿಂತಿರುತ್ತಾರೆ. ಎದುರಿಗೆ ಒಕುಹೊರಾ ಬೆಟ್ಟ. ವಸಂತದಲ್ಲಿ ಹಿಮ ಕರಗಿದಂತೆ ಅದರ ಎದೆಯ ಮೇಲೆ ಕಪ್ಪು ಬಂಡೆಗಳು ಕೂಡಿಕೊಂಡು, ಬಾಗಿ ಬೀಜ ಚೆಲ್ಲುವ ಮುದುಕನೊಬ್ಬ ಮೂಡುತ್ತಾನೆ. ಅವನೇ ಬೀಜದಜ್ಜ. ಅವನ ಕೈ ಪೂರ್ತಿ ಕಂಡ ದಿನವೇ ನಾವು ಭತ್ತದ ಬೀಜ ನೆನೆಹಾಕುವುದು.

ಅದನ್ನು ನೋಡಿ ಊರಿನ ಧ್ವನಿವರ್ಧಕದಲ್ಲಿ ಹೇಳುವುದು ಅಕ್ಕನ ಕೆಲಸ. ನಲವತ್ತೊಂದು ವಸಂತಗಳಲ್ಲಿ ಒಂದು ಬೆಳಗೂ ತಪ್ಪಿಸಿಲ್ಲ. ಮೊದಲು ಅರವತ್ತಮೂರು ಮನೆಗಳು ಕಿವಿಗೊಡುತ್ತಿದ್ದವು, ಈಗ ಹತ್ತೊಂಬತ್ತು.

"ಒಂದ್ಸಲ ಎರಡು ದಿನ ಮುಂಚೆ ಹೇಳ್ಬಿಟ್ಟೆ. ಸಸಿಯೆಲ್ಲ ಹಿಮಕ್ಕೆ ಸುಟ್ಟೋದ್ವು. ಮನೆಮನೆಗೂ ಹೋಗಿ ತಲೆ ಬಗ್ಗಿಸ್ದೆ. ಯಾರೂ ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು."

ಈ ಸಲ ಅಕ್ಕನ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಇರುವುದು ಮುಂದಿನ ತಿಂಗಳು.

"ಅಷ್ಟರಲ್ಲಿ ಅಜ್ಜ ಬಂದು ಹೋಗಿರ್ತಾನೆ," ಎನ್ನುತ್ತಾರೆ. "ಹೋದ ವರ್ಷ ಅವನನ್ನ ಸರಿಯಾಗಿ ನೋಡ್ಲೂ ಇಲ್ಲ, ತಮ್ಮಾ. ಮತ್ತೆ ಬರ್ತಾನಲ್ಲ ಅಂತ ಸುಮ್ನಿದ್ದೆ. ಇವತ್ತು ನೀನೇ ನೋಡಿ ಹೇಳು."

"ನಂದು ಹದ್ದಿನ ಕಣ್ಣು, ಅಕ್ಕಾ! ಅಜ್ಜನ ಕೈ, ಬೆರಳು, ಉಗುರಿನ ಕೊಳೆ ಸಮೇತ ಕಾಣ್ತಿದೆ."

ಅಕ್ಕ ಮೈಕಿನ ಗುಂಡಿಯ ಮೇಲೆ ಬೆರಳಿಡುತ್ತಾರೆ. ಒತ್ತುವುದಿಲ್ಲ.

"ಯಾವ ಕೈಲಿ ಚೆಲ್ತಿದಾನೆ?"

"ಬಲಗೈಲಿ."

"ಅಜ್ಜ ಎಡಚ ಕಣೋ, ಬಡಾಯಿ ರಾಯ!"

ಹತ್ತೊಂಬತ್ತು ಮನೆಗಳ ಭತ್ತ ಆ ಬೆರಳಿನ ಕೆಳಗಿದೆ.

"ಅಜ್ಜನ್ನ ಬಿಡು," ಅಕ್ಕನ ದನಿ ಮೆತ್ತಗಾಗುತ್ತದೆ. "ದೇವದಾರು ಮರದ ತುದಿಯಿಂದ ಎಡಕ್ಕೆ ಎರಡು ಕಪ್ಪು ಬಂಡೆ ಇವೆ. ಮಧ್ಯ ಬಿಳಿ ಇದೆಯೋ, ಇಲ್ವೋ? ಅಷ್ಟು ಹೇಳು ಸಾಕು."

ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡುತ್ತೇನೆ. "ಇದೆ ಅಕ್ಕಾ. ಒಂದು ಗೇಣಿನಷ್ಟು."

ಅಕ್ಕ ಗುಂಡಿ ಒತ್ತುತ್ತಾರೆ. "ಅಜ್ಜ ಇನ್ನೂ ಬಂದಿಲ್ಲ. ಬೀಜ ಮುಟ್ಬೇಡಿ." ಕಣಿವೆಯ ತುಂಬ ಅವರ ದನಿ ಇಳಿದುಹೋಗುತ್ತದೆ.

ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು ಕೇಳುತ್ತಾರೆ: "ಎಷ್ಟು ವರ್ಷದಿಂದ ಅಜ್ಜ ಕಾಣ್ತಿಲ್ಲ ನಿಂಗೆ?"

"ಐವತ್ತೆರಡು. ಹುಟ್ಟಿದಾಗಿಂದ ಒಂದ್ಸಲನೂ ಕಂಡಿಲ್ಲ, ಅಕ್ಕಾ. ಎಲ್ರೂ 'ಅಗೋ' ಅಂದ್ರು, ನಾನೂ 'ಅಗೋ' ಅಂದೆ. ಪ್ರತಿ ವರ್ಷ ಬಂದು ನೋಡ್ತೀನಿ. ಬರೀ ಕಲ್ಲು, ಹಿಮ."